ರಿಪೇರಿಗೆ ಬಿದ್ದ ಹೂವು

ಗೆಳೆಯರೇ, ನಮ್ಮ ಮನೆಯ ಕೆಟ್ಟ ಡಿವಿಡಿ ರೆಕಾರ್ಡರಿನ ಭವಿಷ್ಯ ಇವತ್ತು ಬೆಳಿಗ್ಗೆ ಊರ ಗುಡಿಯಲ್ಲಿ ತೀರ್ಮಾನವಾಯಿತು.

ಅದು ವಿಡಿಯೊ ಕ್ಯಾಸೆಟ್ಟೂ ಓಡಿಸುವ ಜೋಡಿ ಯಂತ್ರ; ಅಮ್ಮನ ಮದುವೆಯ ಕ್ಯಾಸೆಟ್ಟನ್ನು ಅದರಲ್ಲಿ ಹಾಕಿ ಡಿಸ್ಕಿಗೆ ಇಳಿಸುತ್ತಿದ್ದೆವು. ಯಂತ್ರ ಗೇಣುದ್ದ ಟೇಪನ್ನು ಸುಕ್ಕು ಮಾಡಿ ನಿಂತಿತು. ತೀರಿಹೋದ ಅಜ್ಜಿ ನಗುವುದನ್ನು, ಮಾತಾಡುವುದನ್ನು ನೋಡಲು ಅಮ್ಮನಿಗೆ ಉಳಿದಿರುವುದು ಅದೊಂದೇ.

"ಸೊರಬದ ಅಂಗಡೀಲಿ ಹಳೇ ಸ್ಟಾಕಿಂದು ಒಂದು ಉಳಿದೈತೆ, ಅದನ್ನೇ ತರಾಣ" ಎಂದರು ಅಪ್ಪ. ಶಿಕಾರಿಪುರದ ಮೆಕ್ಯಾನಿಕ್ ಬೆಲ್ಟ್ ಬದಲಿಸಿದರೆ ಸಾಕು ಅಂದಿದ್ದಾನೆ ಎಂದೆ ನಾನು. ಕೆಟ್ಟದ್ದನ್ನೆಲ್ಲ ಎಸೆಯುವುದು ಕಂಪನಿಗಳು ಕಲಿಸಿದ ಗುಲಾಮಗಿರಿ ಎಂದು ವಾರವಿಡೀ ಭಾಷಣ ಮಾಡಿದೆ. ಅಪ್ಪ ಕದಲಲಿಲ್ಲ.

ಕೊನೆಗೆ ಅಮ್ಮ, "ಹೂ ಕೇಳಾಣ ನಡೀರಿ" ಎಂದು ಎದ್ದಳು. ದೇವಿಯ ಮೇಲಿನ ಹೂವು ಬಲಕ್ಕೆ ಬಿದ್ದರೆ ರಿಪೇರಿ, ಎಡಕ್ಕೆ ಬಿದ್ದರೆ ಹೊಸದು. ಗುಡಿಯಲ್ಲಿ ಮೂಢನಂಬಿಕೆಯ ವಿರುದ್ಧ ನಾನು ಬಾಯಿ ತೆರೆಯುವಷ್ಟರಲ್ಲಿ ದಾಸವಾಳ ಬಲಕ್ಕೆ ಜಾರಿತು. ಬಾಯಿ ಮುಚ್ಚಿಕೊಂಡೆ.

ಅಪ್ಪ ಕೈಮುಗಿದು, "ಸರಿ, ರಿಪೇರಿನೇ ಆಗ್ಲಿ" ಎಂದರು.

ಅಮ್ಮ ನನ್ನ ಬೆನ್ನು ಸವರಿದಳು. "ನೀನು ಹೇಳಿದ್ದನ್ನೇ ದೇವಿನೂ ಹೇಳಿದ್ಲು ನೋಡು. ನಿಂಗೂ ಒಂಚೂರು ಬುದ್ಧಿ ಐತೆ ಕಣೋ."

"ರಿಪೇರಿ ಆದ್ಮೇಲೂ ಟೇಪು ಹರಿದ್ರೆ?" ಎಂದೆ.

"ಅದು ನಿನ್ನ ರಿಪೇರಿ ಹುಚ್ಚು. ಅದಕ್ಕೆ ದೇವೀನ ಯಾಕೆ ಎಳೀತೀಯ?" ಎಂದರು ಅಪ್ಪ.

ಈಗ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಶಿಕಾರಿಪುರದ ಬಸ್ಸಿನಲ್ಲಿದ್ದೇನೆ. ಅಜ್ಜಿ ಮತ್ತೆ ಮಾತಾಡಿದರೆ ಹೆಸರು ದೇವಿಗೆ, ಟೇಪು ಹರಿದರೆ ಬೈಗುಳ ನನಗೆ. ಮಾಲೀಕನಿಗೂ ದುಡಿಯುವವನಿಗೂ ಇರುವ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ನಾನು ಓದಿದ ಯಾವ ಕಾರ್ಮಿಕ ಸಂಘದ ಕಿರುಹೊತ್ತಿಗೆಯೂ ಹೇಳಿಕೊಟ್ಟಿರಲಿಲ್ಲ.