ರುದ್ರಪ್ಪನವರ ಮೀಸೆ

ಎರಡು ವರ್ಷಗಳ ಹಿಂದೆ, ಎಂ.ಎ. ಮುಗಿಸಿದ ಮರುವರ್ಷ, ಹಾವೇರಿ ಜಿಲ್ಲೆಯ ದಿನಪತ್ರಿಕೆಯೊಂದಕ್ಕೆ ವ್ಯಂಗ್ಯಚಿತ್ರ ಬರೆಯಲು ಸೇರಿದೆ. ಮುಖಪುಟದ ಬಲತುದಿಯ ಪಾಕೆಟ್ ಕಾರ್ಟೂನ್, ಅಂದರೆ ಒಂದು ಕಾಲಂ ಅಗಲದ ಚಿತ್ರ, ನನ್ನ ಪಾಲಿನದು.

ಆ ಮಳೆಗಾಲದಲ್ಲಿ ಹಾನಗಲ್ ಕಡೆಯ ಹಳ್ಳವೊಂದರ ಮೇಲೆ ಹೊಸದಾಗಿ ಕಟ್ಟಿದ್ದ ಸೇತುವೆ ಮೊದಲ ಮಳೆಗೇ ಕುಸಿಯಿತು. ನಾನು ಚಿತ್ರ ಕೊಡಬೇಕಾದದ್ದು ಸಂಜೆ ಆರಕ್ಕೆ. ಐದೂವರೆಗೆ ಸಂಪಾದಕರು ಬಂದು ಗುತ್ತಿಗೆದಾರನನ್ನು ಬರೆಯಿರಿ ಎಂದರು. ಆತನನ್ನು ನಾನು ನೋಡಿರಲಿಲ್ಲ. ಕಚೇರಿಯಲ್ಲಿ ಫೋಟೊ ಕೂಡ ಇರಲಿಲ್ಲ.

“ಗುತ್ತಿಗೆದಾರ ಹೆಂಗಿರ್ತಾನ? ದಪ್ಪ ಮೀಸಿ, ದೊಡ್ಡ ಹೊಟ್ಟಿ. ಬರೀರಿ.”

ಬರೆದೆ. ಮುಖ ಸರಾಗವಾಗಿ ಬಂತು. ಅದನ್ನು ನನ್ನ ಕೈಚಳಕ ಎಂದುಕೊಂಡೆ.

ಮರುದಿನ, ಗುರುವಾರ, ರುದ್ರಪ್ಪನವರು ಪತ್ರಿಕೆ ಹಿಡಿದು ಕಚೇರಿಗೇ ಬಂದರು. ಸವಣೂರು ಬಸ್ ನಿಲ್ದಾಣದ ಎದುರು ಅವರ ಖಾರಾ ಅಂಗಡಿ, ಅಂದರೆ ಕರಿದ ಕುರುಕಲು ತಿಂಡಿಯದು. ದಿನಾ ನಾನು ಬಸ್ಸಿಗೆ ಕಾಯುವುದು ಅದರ ಮುಂದೆ. ಚಿತ್ರದಲ್ಲಿದ್ದ ಮೀಸೆ, ಹುಬ್ಬು ಎಲ್ಲ ಅವರವೇ. ಕೆನ್ನೆಯ ಮಚ್ಚೆಯನ್ನೂ ನಾನು ಬಿಟ್ಟಿರಲಿಲ್ಲ.

“ಮುಂಜಾನಿಂದ ಬಂದವ್ರೆಲ್ಲಾ ಒಂದ ಮಾತು ಕೇಳಾಕತ್ತಾರ್ರಿ ಅಕ್ಕಾರ. ‘ರುದ್ರಪ್ಪ, ಖಾರಾದಾಗ ಸಿಮೆಂಟ್ ಎಷ್ಟು ಹಾಕ್ತಿ?’ ಅಂತ. ಅವ್ರು ನಗ್ಲಿ ಬಿಡ್ರಿ. ಐತವಾರ ಹಿರೇಕೆರೂರಿಂದ ನನ್ನ ಮಗಳನ್ನ ನೋಡಾಕ ಬರೋರದಾರ. ಅವ್ರ ಮನ್ಯಾಗೂ ಇದ ಪೇಪರ್ ಬರ್ತೈತ್ರಿ.”

ಎರಡನೇ ಪುಟದಲ್ಲಿ ಎರಡು ಸಾಲಿನ ವಿಷಾದ ಪ್ರಕಟಿಸೋಣ ಎಂದರು ಸಂಪಾದಕರು.

“ಚಿತ್ರ ನೋಡಿ ನಕ್ಕವ್ರು ಆ ಎರಡು ಸಾಲು ಹುಡುಕ್ಕೋಂತ ಹೋಗ್ತಾರೇನ್ರಿ?”

ರುದ್ರಪ್ಪನವರ ಮಾತು ನ್ಯಾಯವಾಗಿತ್ತು. ಶುಕ್ರವಾರ ನಾನೇ ಶಿಗ್ಗಾಂವಿಗೆ ಹೋಗಿ ಗುತ್ತಿಗೆದಾರನನ್ನು ಕಂಡೆ. ತೆಳ್ಳಗಿನ ಮನುಷ್ಯ, ಮೀಸೆಯೇ ಇಲ್ಲ. ನನ್ನ ಚಿತ್ರವನ್ನು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ.

“ಭಾರೀ ತಗದೀ ತಂಗಿ! ಯಾರಂವಾ?”

ನೀವೇ ಎಂದೆ. ತಪ್ಪಾಗಿದೆ, ನಾಳೆ ಅದೇ ಸೇತುವೆಯ ಜೊತೆ ನಿಮ್ಮ ಸರಿಯಾದ ಮುಖ ಹಾಕುತ್ತೇವೆ ಎಂದೂ ಹೇಳಿದೆ. ಸಿಟ್ಟಾಗುತ್ತಾನೆಂದು ಕಾದೆ. ಆತ ಕನ್ನಡಕ ಒರೆಸಿಕೊಂಡು ನೆಟ್ಟಗೆ ಕುಳಿತ.

“ಮುಂದಿನ ಎಲೆಕ್ಷನ್ನಿಗೆ ನಿಂದರಾಂವ ಅದೇನಿ. ಪೇಪರ್‌ನಾಗ ನನ್ನ ಮಾರಿ ಬರ್ಲಿ. ತಲಿ ಮ್ಯಾಲೆ ಕೂದಲಾ ಸ್ವಲ್ಪ ಜಾಸ್ತಿ ಇರ್ಲಿ.”

ಇದ್ದಷ್ಟೇ ಕೂದಲು ಬರೆದೆ. ಶನಿವಾರ ಅದೇ ಜಾಗದಲ್ಲಿ, ಅದೇ ಸೇತುವೆಯ ಮೇಲೆ ಆತನ ಮುಖ ಬಂತು. ಹಿಂದಿನ ಮುಖ ನಮ್ಮ ತಪ್ಪು ಎಂದು ಚಿತ್ರದ ಕೆಳಗೇ ಅಚ್ಚಾಯಿತು. ಬೆಳಿಗ್ಗೆ ಪತ್ರಿಕೆ ಹಿಡಿದು ಅಂಗಡಿಗೆ ಹೋದೆ. ರುದ್ರಪ್ಪನವರು ಖಾರಾ ತೂಗುತ್ತಿದ್ದರು. ಮೇಲ್ದುಟಿ ಬೋಳಾಗಿತ್ತು.

“ನಿನ್ನೆ ಸಂಜೀಕ ತಗಸಿದ್ನಿರಿ. ಮಂದಿ ಬಾಯಿ ಮುಚ್ಚಸೂದಕ್ಕಿಂತ ಇದ ಸಸಾರ ಅನಸ್ತು.”

ನನ್ನ ಪತ್ರಿಕೆ ಒಂದು ದಿನ ತಡವಾಗಿತ್ತು.

ಭಾನುವಾರ ಮಗಳ ಮದುವೆಯ ಮಾತು ಕೂಡಿಬಂತು. ಸೋಮವಾರ ಬಸ್ಸಿಗೆ ಕಾಯುವಾಗ, ಮತ್ತೆ ಮೀಸೆ ಬಿಡುವಿರಾ ಎಂದು ಕೇಳಿದೆ.

“ನೀವು ಪೇಪರ್ ಬಿಟ್ಟ ಮ್ಯಾಲೆ ನೋಡೂಣ್ರಿ ಅಕ್ಕಾರ.”

ನಾನು ಬಿಟ್ಟಿಲ್ಲ. ಆದರೆ ಎದುರಿಗೆ ಕುಳಿತು ನೋಡದ ಮುಖವನ್ನು ಅಂದಿನಿಂದ ಬರೆದಿಲ್ಲ. ನೆನಪು ಯಾರ ಮುಖವನ್ನು ತಂದುಕೊಡುತ್ತದೆಂದು ಹೇಳಲಾಗದು. ಹೊತ್ತಿಲ್ಲ ಎಂದು ಸಂಪಾದಕರು ರೇಗಿದರೆ ಬೆನ್ನು ಬರೆದುಕೊಡುತ್ತೇನೆ. ಆ ಬೆನ್ನು ತಮ್ಮದೆಂದು ಜಗಳಕ್ಕೆ ಈವರೆಗೆ ಇಬ್ಬರು ಬಂದಿದ್ದಾರೆ.