‘ಆಯ್ತು’ ಎಂದವರನ್ನು ನಂಬದ ಪ್ರೇಮಲೀಲಾ

ಮೈಸೂರಿನಲ್ಲಿ ಸಕ್ಕರೆ ಕಾಯಿಲೆಗೆ ಔಷಧ ಬರೆದುಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಬರೆದುಕೊಟ್ಟದ್ದನ್ನು ರೋಗಿ ಪಾಲಿಸುವವರೆಗೂ ಬೆನ್ನು ಬಿಡದವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ಚಾಮರಾಜಪುರಂನ ಆರೋಗ್ಯ ಕೇಂದ್ರದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ದಾದಿ ಶ್ರೀಮತಿ ಪ್ರೇಮಲೀಲಾ ಅವರು. ಇಂಥ ಅಭಿನಂದನಾ ಸಂಪುಟಗಳಲ್ಲಿ ತಾಳ್ಮೆಯನ್ನು ಹೊಗಳುವುದು ವಾಡಿಕೆ. ಅವರಿಗೆ ತಾಳ್ಮೆ ಇರಲಿಲ್ಲ; ಇದ್ದಿದ್ದರೆ ಕೆಲವರು ಇಂದು ಬದುಕಿರುತ್ತಿರಲಿಲ್ಲ.

ಇಲವಾಲದ ರೈತ ಮನೆತನದಿಂದ ಬಂದು ಕೆಲಸಕ್ಕೆ ಸೇರಿದ ಅವರು ಮೂವತ್ತಾರು ವರ್ಷ ಕೇಳಿದ ಸಬೂಬುಗಳಿಗೆ ಕೊನೆಮೊದಲಿಲ್ಲ. ಪ್ರಸಾದದಿಂದ ಸಕ್ಕರೆ ಏರದೆಂದವರು, ಹಾಗಲಕಾಯಿ ರಸ ಕುಡಿದು ಬಾಯಿ ಕಹಿಯಾಯಿತೆಂದು ಬೆಲ್ಲ ಕಚ್ಚಿದವರು, ಇವರೆಲ್ಲರಿಗೂ ಪ್ರೇಮಲೀಲಾ ಅವರು ಬೈದರು. ಬೈಯುತ್ತಲೇ ಅವರ ಪಾದ ತೊಳೆದು ಗಾಯ ನೋಡಿದರು. ಬರಿಗಾಲಲ್ಲಿ ಬಂದ ಹೂವಿನ ಚಾಮುಂಡಮ್ಮನಿಗೆ ತಮ್ಮ ಚಪ್ಪಲಿಯನ್ನೇ ತೊಡಿಸಿ ಕಳಿಸಿ, ಸಂಜೆ ತಾವು ಬರಿಗಾಲಲ್ಲಿ ಬಸ್ಸು ಹತ್ತಿದರು. ಸ್ವತಃ ಪ್ರೇಮಲೀಲಾ ಅವರಿಗೂ ಸಕ್ಕರೆ ಕಾಯಿಲೆ ಇದೆಯೆಂಬುದು ಸಹೋದ್ಯೋಗಿಗಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕೊರೋನಾ ಬಂದಾಗ, ಮನೆಯಲ್ಲೇ ಕ್ವಾರಂಟೈನ್ ಆದ ಸಕ್ಕರೆ ಕಾಯಿಲೆಯವರಿಗೆ ದಿನವೂ ಫೋನು ಮಾಡುವ ಕೆಲಸ ಅವರ ಪಾಲಿಗೆ ಬಂತು. ನಮ್ಮ ಊರಿನಲ್ಲಿ ‘ಊಟ ಆಯ್ತಾ?’ ಎಂದರೆ, ಹೊಟ್ಟೆ ತಾಳ ಹಾಕುತ್ತಿದ್ದರೂ ‘ಆಯ್ತು’ ಎನ್ನುವುದು ಮರ್ಯಾದೆ. ಆ ಹಾಳು ಮರ್ಯಾದೆ ಒಂದು ಜೀವವನ್ನೇ ನುಂಗುವುದರಲ್ಲಿತ್ತು.

ನಿವೃತ್ತ ಸಂಸ್ಕೃತ ಮೇಷ್ಟರು ಅನಂತಪದ್ಮನಾಭ ಅವರು ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಪತ್ನಿ ಕಮಲ ಅವರು ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಇಳಿಯುತ್ತಿದ್ದರು. ಅಂದು ಬೆಳಿಗ್ಗೆ ಪ್ರೇಮಲೀಲಾ ಅವರು ಇನ್ಸುಲಿನ್ ಆಯ್ತೇ ಎಂದು ಕೇಳಿದರು. ಆಯ್ತು. ತಿಂಡಿ? ಅದೂ ಆಯ್ತು. ಹನ್ನೊಂದು ಗಂಟೆಗೆ ಗೋಡೆಯ ಕ್ಯಾಲೆಂಡರು ಪ್ರೇಮಲೀಲಾ ಅವರ ಕಣ್ಣಿಗೆ ಬಿತ್ತು. ಏಕಾದಶಿ! ಔಷಧದಿಂದ ಉಪವಾಸ ಕೆಡದೆಂದು ಮೇಷ್ಟರು ಇನ್ಸುಲಿನ್ ಚುಚ್ಚಿಕೊಂಡಿದ್ದರು. ತಿಂಡಿಯಿಂದ ಕೆಡುತ್ತದೆಂದು ತಿಂಡಿ ಬಿಟ್ಟಿದ್ದರು. ಮತ್ತೆ ಫೋನು ಮಾಡಿದರೆ ಆ ಕಡೆ ಬರೀ ತೊದಲು; ಖಾಲಿ ಹೊಟ್ಟೆಯ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಿತ್ತು.

ಜೀವಮಾನವಿಡೀ ಸಕ್ಕರೆ ಬೇಡವೆಂದು ಗಂಟಲು ಹರಿದುಕೊಂಡವರು ಅಂದು ಕಮಲ ಅವರಿಗೆ ಫೋನಿನಲ್ಲಿ ಕೂಗಿದ್ದು ಇಡೀ ಕೇಂದ್ರಕ್ಕೇ ಕೇಳಿಸಿತು: “ಮಾಸ್ಕ್ ಹಾಕ್ಕೊಂಡು ಮೇಲೆ ಓಡಿ! ಎಚ್ಚರ ಇದ್ರೆ ಸಕ್ಕರೆ ನೀರು ಕುಡಿಸಿ!”

“ಇವತ್ತು ಏಕಾದಶಿ ಕಣಮ್ಮ, ಅವ್ರು ಒಪ್ಪಲ್ಲ...”

“ಪಾಪ ಎಲ್ಲಾ ನನ್ನ ತಲೆ ಮೇಲಿರ್ಲಿ, ಸಕ್ಕರೆ ಅವ್ರ ಬಾಯಿಗೆ ಹೋಗ್ಲಿ. ಫೋನ್ ಇಡಬೇಡಿ!”

ಕಾಲು ಗಂಟೆಯ ಮೇಲೆ ಮೇಷ್ಟರ ಮಾತು ಸರಿಯಾಯಿತು. ಮೊದಲು ಆಡಿದ್ದೇ ವ್ರತ ಕೆಟ್ಟಿತೆಂಬ ಆಕ್ಷೇಪಣೆ. ಪ್ರೇಮಲೀಲಾ ಅವರು ಫೋನಿಟ್ಟು, ಕಿರಿಯ ದಾದಿ ಕುಸುಮ ಅವರತ್ತ ತಿರುಗಿದರು. “ತಪ್ಪು ನಂದೇ ಕಣೇ. ಆಯ್ತಾ ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ?” ಎಂದರು. ಮಾರನೆಯ ದಿನದಿಂದ ಪ್ರಶ್ನೆಯೇ ಬದಲಾಯಿತು: “ಏನು ತಿಂಡಿ? ಎಷ್ಟು ಇಡ್ಲಿ? ಚಟ್ನಿ ಯಾವ್ದು?” ಜನ ಬೇಸರಪಟ್ಟುಕೊಂಡರು, ಆದರೆ ಉಂಡರು.

ಮೊನ್ನೆ, ಈ ಸಂಪುಟದ ಸಿದ್ಧತೆ ನಡೆಯುತ್ತಿದ್ದಾಗ, ಮಧ್ಯಾಹ್ನ ಮೂರಾದರೂ ಅವರು ಯಾರದೋ ಪಾದದ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದರು. “ಮೇಡಂ, ಊಟ ಆಯ್ತಾ?” ಎಂದರು ಕುಸುಮ. “ಆಯ್ತು ಕಣಮ್ಮ.” ಬುತ್ತಿಯ ಡಬ್ಬಿ ಬೆಳಿಗ್ಗೆ ತಂದ ಚೀಲದಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಇಂಥವರನ್ನು ಏನು ಮಾಡುವುದು?

ಅವರು ನೂರ್ಕಾಲ ಬಾಳಲಿ, ಬೈಯುವ ದನಿ ಕುಗ್ಗದಿರಲಿ, ಅವರ ಮನೆಯಿರುವ ದಟ್ಟಗಳ್ಳಿಯ ನೆರೆಹೊರೆಯವರಿಗೂ ಅದರ ಲಾಭ ದೊರೆಯಲಿ ಎಂಬುದು ಎಲ್ಲರ ಹಾರೈಕೆ. ಆದರೆ ಬರೀ ಹಾರೈಕೆಯಿಂದ ಹೊಟ್ಟೆ ತುಂಬದು. ಆದ್ದರಿಂದ ಒಂದನೇ ತಾರೀಖಿನಿಂದ ದಿನವೂ ಮಧ್ಯಾಹ್ನ ಒಂದು ಗಂಟೆಗೆ ಕುಸುಮ ಅವರು ಮೇಡಂ ಮನೆಗೆ ಫೋನು ಮಾಡುತ್ತಾರೆ. ಏನು ಊಟ, ಎಷ್ಟು ಮುದ್ದೆ, ಯಾವ ಸಾರು ಎಂದು ಕೇಳುತ್ತಾರೆ. ‘ಆಯ್ತು’ ಎಂಬ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ.