ಮಾರೆತ್‌ಳ ಭಾಷೆ, ಬ್ರಿತಾಳ ಭಾಷೆ

ನವೆಂಬರಿನಲ್ಲಿ ಅಮೆರಿಕದವರೆಲ್ಲ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ ನನಗೆ ಪುರುಸೊತ್ತಿಲ್ಲ. ನಡುಮನೆಯದು, ಮಲಗುವ ಕೋಣೆಯದು, ಕಾರಿನದು, ಕೊನೆಗೆ ನನ್ನ ಕೈಗಡಿಯಾರ. ಮೈಸೂರಿನ ನರ್ಸಿಂಗ್ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳು, ಹೊಡೆದರೆ ಮಲಗು ಎಂದು ಕಲಿತವಳು ನಾನು. ಶಿಕಾಗೋ ಪಕ್ಕದ ಈ ವೆಸ್ಟ್‌ಮಂಟ್‌ನಲ್ಲಿ ಕೂದಲು ನೆರೆತರೂ ಆ ಗಂಟೆ ತಲೆಯಿಂದ ಇಳಿದಿಲ್ಲ. ಈ ಬೆಳಿಗ್ಗೆ ಸ್ಟವ್‌ನ ಗಡಿಯಾರವೊಂದೇ ಉಳಿದಿತ್ತು. ಗುಂಡಿ ಒತ್ತಲು ಚಾಚಿದ ಕೈ ಹಾಗೇ ನಿಂತಿತು. ಮಾರೆತ್ ನೆನಪಾದಳು.

ಮಾರೆತ್ ನಮ್ಮ ಪಕ್ಕದ ಮನೆಯವಳು. ನಾರ್ವೆಯ ಉತ್ತರದ ತುದಿಯಿಂದ ಬಂದ, ಹಿಮಸಾರಂಗ ಸಾಕುವ ಸಾಮಿ ಜನಾಂಗದ ಹೆಂಗಸು. ಬಿಸಿ ಕಾಫಿಗೆ ಚೀಸಿನ ತುಂಡು ಹಾಕಿ, ಅದು ಮೆತ್ತಗಾದ ಮೇಲೆ ಚಮಚದಲ್ಲಿ ತೆಗೆದು ತಿನ್ನುತ್ತಿದ್ದಳು. ನನ್ನ ಫಿಲ್ಟರ್ ಕಾಫಿಗೂ ಆ ಗತಿ ತಂದಾಗ ನಾನು ಮುಖ ತಿರುಗಿಸಿ ಕುಳಿತಿದ್ದೆ, ನೀವೂ ಅದನ್ನೇ ಮಾಡುತ್ತಿದ್ದಿರಿ.

ಸಾಮಿ ಎಂದರೆ ಒಂದೇ ಭಾಷೆ ಅಂದುಕೊಂಡಿದ್ದೆ. ಅಲ್ಲವಂತೆ, ಹಲವು ಭಾಷೆಗಳು. ಅಕ್ಕಪಕ್ಕದವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಹೇಗೋ ತಿಳಿಯುತ್ತದೆ, ದೂರದವರಿಗೆ ತಿಳಿಯುವುದಿಲ್ಲ. ಇಬ್ಬರೇ ಇದ್ದಾಗ ಹೇಳುವ ‘ನಾವು’ ಬೇರೆ, ಹೆಚ್ಚು ಜನರಿದ್ದಾಗಿನದು ಬೇರೆ. ಅವರ ‘ಇಲ್ಲ’ ನಮ್ಮ ‘ಒಲ್ಲೆ, ಒಲ್ಲೆವು’ ಇದ್ದ ಹಾಗೆ, ಯಾರು ಹೇಳುತ್ತಿದ್ದಾರೆಂದು ತಾನೇ ತೋರಿಸುತ್ತದೆ. ದಕ್ಷಿಣದ ಸಾಮಿಯಲ್ಲಿ ಅದು ಇವತ್ತಿನದೋ ನಿನ್ನೆಯದೋ ಎಂಬುದನ್ನೂ ಹೇಳಿಬಿಡುತ್ತದೆ. ಉತ್ತರದ್ದಕ್ಕೆ ಆ ಶಿಸ್ತಿಲ್ಲ. ನನಗೆ ದಕ್ಷಿಣದ್ದೇ ಹಿಡಿಸಿತು.

ಮಾರೆತ್‌ಳದು ಉತ್ತರದ್ದು, ಡೆಟ್ರಾಯಿಟ್ ಬಳಿ ಇದ್ದ ಅವಳ ಅತ್ತಿಗೆ ಬ್ರಿತಾಳದು ದಕ್ಷಿಣದ್ದು. ನಡುವೆ ನಿಂತು ಇಬ್ಬರಿಗೂ ಅರ್ಥ ಹೇಳುತ್ತಿದ್ದವನು ಮಾರೆತ್‌ಳ ಅಣ್ಣ. ಅವನು ತೀರಿಕೊಂಡ ಮೇಲೆ ಫೋನಿನಲ್ಲಿ ಇಂಗ್ಲಿಷ್ ಮಾತ್ರ ಉಳಿಯಿತು: ಅಲ್ಲಿ ಹಿಮ ಬಿತ್ತೇ, ಇಲ್ಲಿ ಬಿತ್ತು. ಒಂದು ದಿನ ಮಾರೆತ್ ಹೇಳಿದಳು: “ನನ್ನ ಭಾಷೆ ಬಾಯಲ್ಲೇ ಇಟ್ಟುಕೊಂಡು ಸತ್ತುಹೋಗ್ತೀನೇನೋ.”

ಕರೆದುಕೊಂಡು ಹೋಗುತ್ತೇನೆ ಎಂದೆ. ಹೊರಡುವ ಹೊತ್ತು, ನಿಲ್ಲುವ ಎಕ್ಸಿಟ್, ಬ್ರಿತಾಳ ಮನೆಯಲ್ಲಿ ಕಾಫಿಯ ಸಮಯ ಎಲ್ಲ ನಾನೇ ಗೊತ್ತುಮಾಡಿದೆ. ಮಿಷಿಗನ್ ಹೊಕ್ಕಾಗ ನಮ್ಮವರು, “ಫೋನು ಬೇರೆ ಟೈಮ್ ಹೇಳ್ತಿದೆ ಕಣೆ” ಎಂದರು.

“ನೀವು ಡ್ರೈವ್ ಮಾಡಿ. ನನ್ನ ವಾಚ್ ಯಾವತ್ತಾದ್ರೂ ತಪ್ಪಿದ್ಯಾ?”

ವಾಚು ತಪ್ಪಿರಲಿಲ್ಲ. ಡೆಟ್ರಾಯಿಟ್ ಶಿಕಾಗೋಗಿಂತ ಒಂದು ಗಂಟೆ ಮುಂದಿದೆ ಎಂಬುದನ್ನು ನಾನು ಮರೆತಿದ್ದೆ, ಅಷ್ಟೆ.

ನಾವು ಒಂದು ಗಂಟೆ ತಡವಾಗಿ ತಲುಪಿದಾಗ ಬ್ರಿತಾ ಏಪ್ರನ್‌ನಲ್ಲೇ ಡ್ರೈವ್‌ವೇಗೆ ಬಂದು ನಿಂತಿದ್ದಳು. ಹೆದ್ದಾರಿಯಲ್ಲಿ ಏನಾಯಿತೋ ಎಂದು ಹೆದರಿದ್ದಳಂತೆ. ಅದು ತಿಳಿದದ್ದು ಆಮೇಲೆ. ಮಾರೆತ್ ಇಳಿದದ್ದೇ ತಡ, ಬ್ರಿತಾ ತನ್ನ ಭಾಷೆಯಲ್ಲಿ ಬೈಯತೊಡಗಿದಳು. ಮಾರೆತ್ ನನ್ನ ಕಡೆ ಕೈ ತೋರಿಸಿ, ತನ್ನ ಭಾಷೆಯಲ್ಲಿ ತಿರುಗಿ ಕೂಗಿದಳು. ನಮ್ಮವರು “ಬಿಡಿಸ್ಲಾ?” ಎಂದರು. “ಸುಮ್ನಿರಿ” ಎಂದೆ. ಬೈಗುಳ ಮುಗಿಯುವ ಹೊತ್ತಿಗೆ ಇಬ್ಬರೂ ಅಳುತ್ತಿದ್ದರು. ಒಳಗೆ ಎರಡೆರಡು ಸಲ ಕುದಿದ ಕಾಫಿಗೆ ಚೀಸು ಬೀಳುವಾಗಲೂ ಮಾತು ನಿಂತಿರಲಿಲ್ಲ.

ಹಿಂದಿರುಗುವಾಗ ಕೇಳಿದೆ, ಅರ್ಥವಾಯಿತೇ ಎಂದು.

“ಅರ್ಧ,” ಎಂದಳು ಮಾರೆತ್. “ಬೈದದ್ದು ಮಾತ್ರ ಪೂರ್ತಿ.”

ಮರುವರ್ಷ ಮನೆ ಮಾರಿ ಬ್ರಿತಾಳ ಜೊತೆಗಿರಲು ಹೋದಳು. ಈಗ ಫೋನ್ ಮಾಡಿದರೆ ಹಿಂದೆ ಇನ್ನೊಂದು ದನಿ ಕೇಳುತ್ತದೆ, ಮಾರೆತ್ ನನ್ನನ್ನು ಬಿಟ್ಟು ಅದಕ್ಕೆ ಉತ್ತರಿಸುತ್ತಾಳೆ. ಪಕ್ಕದ ಮನೆಯ ಅಡುಗೆಮನೆಯಲ್ಲಿ ಬೇರೆಯವರ ದೀಪ ಉರಿಯುತ್ತದೆ.

ಮೊಮ್ಮಗಳು ಸೀರಿಯಲ್ ಬಟ್ಟಲು ಹಿಡಿದು ಬಂದಳು. “ಅಜ್ಜಿ, ಸ್ಟವ್ ಕ್ಲಾಕ್ ಈಸ್ ರಾಂಗ್.”

“ಇರ್ಲಿ ಬಿಡು ಪುಟ್ಟಿ,” ಎಂದೆ. “ಡೆಟ್ರಾಯಿಟ್‌ನಲ್ಲಿ ಈಗ ಕಾಫಿ ಟೈಮು.”